ಆಸ್ಪತ್ರೆಯ ದೋಣಿ ಮತ್ತು ಎರಡನೆಯ ಹೋಳಿಗೆ

ನಾನು ಮೂವತ್ಮೂರನೆಯ ವಯಸ್ಸಿಗೆ ನಿವೃತ್ತಳಾದೆ. ಹೀಗೆಂದರೆ ಧಾರವಾಡದಲ್ಲಿ ಜನ ಮೊದಲು ನಗುತ್ತಾರೆ, ಆಮೇಲೆ ದನಿ ತಗ್ಗಿಸಿ ಆರೋಗ್ಯ ವಿಚಾರಿಸುತ್ತಾರೆ. ಆರೋಗ್ಯ ಚೆನ್ನಾಗಿದೆ. ನಾನು ಕೆಲಸ ಮಾಡುತ್ತಿದ್ದುದು ಬಹಳ ದೂರದ ಸಾಗರದಲ್ಲಿರುವ ಕೆಲವು ಪುಟ್ಟ ದ್ವೀಪಗಳ ಸರ್ಕಾರಕ್ಕಾಗಿ. ಹಿಡಿದ ಕೆಲಸವನ್ನು ಮುಗಿಸಿದವರನ್ನು, ವಯಸ್ಸು ಎಷ್ಟೇ ಇರಲಿ, ಗೌರವದಿಂದ ನಿವೃತ್ತಿಗೊಳಿಸುವುದು ಅಲ್ಲಿನ ಪದ್ಧತಿ. ನಿವೃತ್ತರಾದವರಿಗೆ ಕೈಯಿಂದ ಹೆಣೆದ ಒಂದು ಚಾಪೆ ಕೊಡುತ್ತಾರೆ. ನನ್ನ ಚಾಪೆ ಅಂಚೆಯಲ್ಲಿ ಬಂತು. ಅದರ ಮೇಲೆ ಈಗ ಅವ್ವ ಸಂಡಿಗೆ ಒಣಗಿಸುತ್ತಾಳೆ.

ನಾನು ಓದಿದ ವಿಭಾಗದ ಇಬ್ಬರು ಹುಡುಗಿಯರು ಇಂಥದೇ ಕೆಲಸಕ್ಕೆ ಸೇರುವವರಿದ್ದಾರೆ. ಕೆಲಸ ನಿಜಕ್ಕೂ ಹೇಗಿರುತ್ತದೆ ಎಂದು ಕೇಳಿದರು. ಎದುರು ಕೂತು ಹೇಳುವುದು ನನಗೆ ಬರುವುದಿಲ್ಲ, ಬರೆದುಕೊಡುತ್ತೇನೆ ಎಂದೆ. ಗೋಪ್ಯತೆಯ ಕರಾರಿಗೆ ಸಹಿ ಹಾಕಿದ್ದೇನೆ, ಆದ್ದರಿಂದ ಎರಡೂ ಕಡೆಯ ದೇಶಗಳ ಹೆಸರು ಹೇಳುವುದಿಲ್ಲ. ಒಂದು ದೊಡ್ಡ ದೇಶ, ಇನ್ನೊಂದು ಕಡೆ ದ್ವೀಪಗಳು ಎಂದಿಟ್ಟುಕೊಂಡರೆ ಸಾಕು. ವ್ಯಕ್ತಿಗಳ ಹೆಸರನ್ನೂ ಬದಲಾಯಿಸಿದ್ದೇನೆ. ಹೋಳಿಗೆಯ ವಿವರಗಳನ್ನು ಮಾತ್ರ ಹೇಗಿತ್ತೋ ಹಾಗೇ ಇಟ್ಟಿದ್ದೇನೆ.

ಒಪ್ಪಂದದ ತಿರುಳು ಇಷ್ಟು. ದ್ವೀಪಗಳಲ್ಲಿ ಜನ ಕಡಿಮೆ, ಸಮುದ್ರ ಹೆಚ್ಚು. ಆ ಸಮುದ್ರದಲ್ಲಿ ತನ್ನ ಸೈನ್ಯ ಓಡಾಡಬಹುದು, ಬೇರೆ ಯಾವ ದೇಶದ ಸೈನ್ಯವೂ ಕಾಲಿಡಬಾರದು ಎಂಬ ಹಕ್ಕು ದೊಡ್ಡ ದೇಶಕ್ಕೆ ಬೇಕು. ಅದಕ್ಕೆ ಬದಲಾಗಿ ದ್ವೀಪಗಳ ಶಾಲೆ, ಆಸ್ಪತ್ರೆ, ಬಂದರುಗಳ ಖರ್ಚಿಗೆ ಅದು ಇಷ್ಟು ವರ್ಷ ಎಂದು ಖಾತರಿ ಕೊಡುತ್ತದೆ. ಅವಧಿ ಮುಗಿದಾಗ ಎರಡೂ ಪಕ್ಷಗಳು ಮತ್ತೆ ಕೂತು ಮಾತನಾಡುತ್ತವೆ. ಆ ಮಾತನ್ನು ಕರಡಾಗಿ ಬರೆದುಕೊಡುವುದು ನಮ್ಮ ಕಚೇರಿಯ ಕೆಲಸವಾಗಿತ್ತು. ಇದನ್ನು ಅವ್ವನಿಗೆ ಒಂದು ಸಂಜೆ ಪೂರ್ತಿ ವಿವರಿಸಿದೆ. ಕೊನೆಗೆ ಆಕೆ, "ಅಂದ್ರ ಸಣ್ಣ ಮನಿ ಮುಂದಿನ ಬಯಲಾಗ ದೊಡ್ಡ ಮನಿಯವರು ಕಾರ್ ನಿಲ್ಲಸ್ತಾರ, ಬ್ಯಾರೆ ಯಾರೂ ನಿಲ್ಲಸಂಗಿಲ್ಲ. ಅದಕ್ಕ ಸಣ್ಣ ಮನಿ ಹುಡುಗೂರ ಸಾಲಿ ಫೀ ದೊಡ್ಡ ಮನಿಯವರು ತುಂಬತಾರ. ಹೌದಿಲ್ಲೋ?" ಎಂದಳು. ಈ ವಿಷಯದ ಮೇಲೆ ನಾನು ಬಹಳ ಪುಸ್ತಕ ಓದಿದ್ದೇನೆ. ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ.

ಗಬ್ಬೂರಿನಲ್ಲಿರುವ ನನ್ನ ಸೋದರತ್ತೆಗೆ ಇಷ್ಟು ವಿವರವೂ ಬೇಕಾಗಿರಲಿಲ್ಲ. ರಕ್ಷಣೆ ಎಂಬ ಮಾತು ಕಿವಿಗೆ ಬಿದ್ದದ್ದೇ, ಹುಡುಗಿ ಡಿಫೆನ್ಸ್‌ನಲ್ಲಿದ್ದಾಳೆ ಎಂದು ಬಳಗಕ್ಕೆಲ್ಲ ಹೇಳಿದರು. ಅದಾದ ಮೇಲೆ ನಮ್ಮ ಮನೆಗೆ ಬಂದ ಎರಡು ಸಂಬಂಧಗಳಲ್ಲಿ ಒಂದು ಕಡೆಯವರು ಮಿಲಿಟರಿ ಕ್ಯಾಂಟೀನಿನಲ್ಲಿ ಫ್ರಿಜ್ ಅಗ್ಗವಾಗಿ ಸಿಗುತ್ತದೆಯೇ ಎಂದು ಕೇಳಿದರು. ಇನ್ನೊಂದು ಕಡೆಯವರು ಫ್ರಿಜ್ ಕೇಳಲಿಲ್ಲ, ಅಪ್ಪನನ್ನು ಹಿತ್ತಲಿಗೆ ಕರೆದೊಯ್ದು ಬಾಟಲಿಯ ವಿಷಯ ಕೇಳಿದರು. ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ನಮ್ಮ ಕಚೇರಿ ಮಾಳಮಡ್ಡಿಯಲ್ಲಿ ಅಂಗಡಿ ಸರ್ ಅವರ ಮನೆಯ ಮಹಡಿಯ ಮೇಲಿತ್ತು. ಸರ್ ಅಂತಾರಾಷ್ಟ್ರೀಯ ಕಾನೂನಿನ ನಿವೃತ್ತ ಪ್ರಾಧ್ಯಾಪಕರು. ಅವರ ಹಳೆಯ ವಿದ್ಯಾರ್ಥಿಯೊಬ್ಬರು ದ್ವೀಪಗಳ ಕಾನೂನು ಇಲಾಖೆಯಲ್ಲಿದ್ದರು, ಅವರ ಮೂಲಕ ಈ ಕೆಲಸ ಬಂದಿತ್ತು. ಕಚೇರಿಯೆಂದರೆ ಸರ್, ನಾನು ಮತ್ತು ಒಂದು ಪ್ರಿಂಟರ್. ಬಡ್ತಿಯ ಬಗ್ಗೆ ಹೇಳುವಂಥದ್ದಿಲ್ಲ. ಬಾಗಿಲ ಪಕ್ಕದ ಕುರ್ಚಿಯಿಂದ ಕಿಟಕಿ ಪಕ್ಕದ ಕುರ್ಚಿಗೆ ಹೋದೆ, ಅಷ್ಟೇ.

ಸರ್ ಅವರ ಮನೆತನದವರು ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರ ಮಾಡಿದವರು. ಸರ್ ವ್ಯಾಪಾರ ಬಿಟ್ಟು ಓದಿಗೆ ಬಂದರೂ ವ್ಯಾಪಾರ ಅವರನ್ನು ಬಿಟ್ಟಿರಲಿಲ್ಲ. ಕರಡನ್ನು ಕಾಗದದ ಮೇಲೆ ಮುದ್ರಿಸಿ, ಬೆರಳ ತುದಿಯಲ್ಲಿ ಮೆಲ್ಲಗೆ ಉಜ್ಜುತ್ತ, ಹತ್ತಿಯ ಎಳೆ ನೋಡುವವರಂತೆ ಓದುತ್ತಿದ್ದರು. ಮುಂದೆ ಎರಡೂ ಪಕ್ಷಗಳು ಕಂಪ್ಯೂಟರಿನಲ್ಲಿ ಒಂದೇ ಕಡತವನ್ನು ತೆರೆದು ಒಟ್ಟಿಗೆ ತಿದ್ದುವ ಪದ್ಧತಿ ಬಂತು. ಮೊದಲ ದಿನ ಸರ್ ತಮ್ಮ ವಾಕ್ಯದ ನಡುವೆ ಎದುರು ಪಕ್ಷದವರ ಗುರುತು ಮಿಟುಕುವುದನ್ನು ನೋಡಿ ಕುರ್ಚಿ ಹಿಂದೆ ಸರಿಸಿದರು. "ತಂಗಿ, ಯಾರೋ ನನ್ನ ತಾಟಿನ್ಯಾಗ ಕೈ ಹಾಕ್ಯಾರ," ಎಂದರು. ಆಮೇಲೆ ಬಹಳ ದಿನ ಅವರು ಬೇಕಾದ ವಾಕ್ಯವನ್ನು ಬೇರೆ ಕಾಗದದಲ್ಲಿ ಬರೆದು, ಎದುರಿನವರು ಮಲಗುವ ಹೊತ್ತು ಲೆಕ್ಕಹಾಕಿ, ನನ್ನಿಂದ ಕಡತಕ್ಕೆ ಸೇರಿಸುತ್ತಿದ್ದರು.

ಮಾತುಕತೆಗಳು ಹೆಚ್ಚಾಗಿ ವಿಡಿಯೋದಲ್ಲಿ ನಡೆಯುತ್ತಿದ್ದವು. ನಮ್ಮ ಬೆಳಗಿನ ಹೊತ್ತು ಎಲ್ಲರಿಗೂ ಹೊಂದುತ್ತಿತ್ತು, ಕೆಳಗಿನ ಅಡುಗೆಮನೆಗೂ ಅದೇ ಹೊತ್ತು. ಒಮ್ಮೆ ನಿರ್ಬಂಧಿತ ಜಲಪ್ರದೇಶದ ಗಡಿಯ ಬಗ್ಗೆ ಗಂಭೀರವಾದ ಚರ್ಚೆ ನಡೆದಿತ್ತು. ಸರ್ ಅವರ ಪತ್ನಿ, ನಾವೆಲ್ಲ ಕಾಕು ಎನ್ನುವವರು, ಕೆಳಗೆ ಕುಕ್ಕರ್ ಇಟ್ಟಿದ್ದರು. ಸೀಟಿ ಹೊಡೆಯಿತು. ಸ್ವಲ್ಪ ತಡೆದು ಮತ್ತೊಂದು ಹೊಡೆಯಿತು. ಎದುರು ಪಕ್ಷದಲ್ಲಿ ಸೈನ್ಯದ ಸಲಹೆಗಾರರೊಬ್ಬರು ಇದ್ದರು, ಅದುವರೆಗೆ ಒಂದು ಮಾತೂ ಆಡಿರಲಿಲ್ಲ. ಅವರು ಮುಂದಕ್ಕೆ ಬಾಗಿ, ಅದೇನು ಸಂಕೇತ ಎಂದು ಕೇಳಿದರು. ಅನ್ನ ಎಂದೆ. ಅವರು ಬರೆದುಕೊಂಡರು. ಮುಂದಿನ ಸಭೆಗೆ ಮೊದಲು ಅವರ ಕಡೆಯಿಂದ ಬಂದ ಪತ್ರದಲ್ಲಿ, ಸಭೆಯ ಸ್ಥಳದಲ್ಲಿ ಹಬೆಯ ಯಂತ್ರಗಳಿದ್ದರೆ ಮುಂಚಿತವಾಗಿ ತಿಳಿಸಬೇಕು ಎಂದಿತ್ತು. ಪತ್ರವನ್ನು ಕಾಕುವಿಗೆ ಓದಿ ಹೇಳಿದೆ. "ತಿಳಿಸವ್ವಾ, ಬ್ಯಾಳಿಗೆ ನಾಕು, ಅನ್ನಕ್ಕ ಮೂರು ಅಂತ," ಎಂದರು ಅವರು.

ಹೊಸಬರು ಮೊದಲು ಕಲಿಯಬೇಕಾದದ್ದು ಧ್ವನಿ ಮುಚ್ಚುವ ಗುಂಡಿಯನ್ನು. ಎದುರು ಪಕ್ಷದ ಮುಖ್ಯಸ್ಥರು ಬ್ರೆನನ್ ಎಂಬುವರು. ಎತ್ತರದ ಮನುಷ್ಯ, ಸೌಜನ್ಯ ಬಹಳ, ಆದರೆ ಒಂದೊಂದು ರಿಯಾಯಿತಿಯನ್ನೂ ಹಲ್ಲು ಕಿತ್ತಂತೆ ಕೊಡುವವರು. ಒಂದು ದಿನ ಸರ್ ಗುಂಡಿ ಒತ್ತಿದ್ದೇನೆಂದು ತಿಳಿದು, "ಈ ಮನಷ್ಯಾ ತಪ್ಪಿ ಅಲ್ಲಿ ಹುಟ್ಯಾನ. ಹುಬ್ಬಳ್ಳ್ಯಾಗ ಹತ್ತಿ ದಲಾಲಿ ಮಾಡಬೇಕಾಗಿತ್ತು," ಎಂದರು. ಗುಂಡಿ ಒತ್ತಿರಲಿಲ್ಲ. ಬ್ರೆನನ್ ಅದೇನೆಂದು ಕೇಳಿದರು. ನಿಮ್ಮ ವಾಣಿಜ್ಯ ಜ್ಞಾನವನ್ನು ಸರ್ ತಮ್ಮ ಮನೆತನದವರ ಜ್ಞಾನಕ್ಕೆ ಹೋಲಿಸಿದರು ಎಂದೆ. ಬ್ರೆನನ್ ತಲೆಬಾಗಿ ವಂದಿಸಿದರು. ನಾನು ಸುಳ್ಳು ಹೇಳಿರಲಿಲ್ಲ.

ಇಷ್ಟು ಹೇಳಿದ ಮೇಲೆ ಲೇಯಾ ಅವರ ಮಾತಿಗೆ ಬರಬೇಕು. ಈ ಕೆಲಸದಲ್ಲಿ ನನಗೆ ಮುಖ್ಯವಾಗಿದ್ದು ಅವರೊಬ್ಬರೇ ಎಂದರೂ ನಡೆದೀತು.

ಲೇಯಾ ದ್ವೀಪಗಳ ನಿಯೋಗದ ಮುಖ್ಯಸ್ಥೆ. ರಾಜಕೀಯಕ್ಕೆ ಬರುವ ಮುಂಚೆ ಸೂಲಗಿತ್ತಿ ತರಬೇತಿ ಪಡೆದ ನರ್ಸ್ ಆಗಿದ್ದವರು. ಅವರ ಸ್ವಂತ ದ್ವೀಪದಲ್ಲಿ ಆಸ್ಪತ್ರೆಯಿಲ್ಲ, ಇರುವುದು ದೊಡ್ಡ ದ್ವೀಪದಲ್ಲಿ. ನಡುವೆ ಒಂದು ಹಗಲಿನ ಸಮುದ್ರ ಪ್ರಯಾಣ. ಹೆರಿಗೆ ಕಷ್ಟವಾದರೆ, ಮಗುವಿಗೆ ಜ್ವರ ಏರಿದರೆ, ಅಲ್ಲಿಗೆ ಒಯ್ಯುವುದು ಆಸ್ಪತ್ರೆಯ ದೋಣಿ. ಇದ್ದ ದೋಣಿ ಹಳೆಯದು. ಹೊಸ ದೋಣಿ ಕೊಡಲು ದೊಡ್ಡ ದೇಶ ಒಪ್ಪಿತ್ತು. ಆದರೆ ಅದನ್ನು ನಡೆಸುವ ಖರ್ಚಿಗೆ ಖಾತರಿ ಇದ್ದದ್ದು ಒಪ್ಪಂದದ ಅವಧಿ ಮುಗಿಯುವವರೆಗೆ ಮಾತ್ರ. ಆಮೇಲೆ ಏನು? ಲೇಯಾಗೆ ಬೇಕಾಗಿದ್ದದ್ದು ಇದೊಂದೇ: ಅವಧಿ ಮುಗಿದ ಮೇಲೂ ದೋಣಿ ನಿಲ್ಲಬಾರದು. ಉಳಿದ ಎಲ್ಲ ಕಲಮುಗಳ ಬಗ್ಗೆ ಅವರು ಸಲಹೆಗಾರರ ಮಾತು ಕೇಳುತ್ತಿದ್ದರು. ಇದರ ಬಗ್ಗೆ ಮಾತ್ರ ಸಭೆ ಮುಗಿದ ಮೇಲೆ ಪರದೆಯ ಮೇಲೆ ಒಬ್ಬರೇ ಉಳಿದು, ದೋಣಿಯ ಕಲಮು ಯಾವಾಗ ಬರುತ್ತದೆ ಎಂದು ನನ್ನನ್ನು ಕೇಳುತ್ತಿದ್ದರು.

ಕಲಮು ಬಂತು. ನಮ್ಮೆಲ್ಲರಿಗೂ ಆಶ್ಚರ್ಯವಾಗುವಂತೆ, ನಾವು ಕೇಳುವ ಮುಂಚೆಯೇ ಬ್ರೆನನ್ ತಾವಾಗಿ ವಿಷಯ ಎತ್ತಿದರು. ದೋಣಿಯ ಖರ್ಚಿನ ಖಾತರಿಯನ್ನು ಅವಧಿಯ ಆಚೆಗೂ ಮುಂದುವರಿಸಬೇಕೆಂದು ನಿಮಗೆ ಅನಿಸುತ್ತದೆಯೇ ಎಂದು ಕೇಳಿದರು. ಲೇಯಾ ಎರಡೂ ಕೈ ಎದೆಗಿಟ್ಟುಕೊಂಡು, ಛೇ ಛೇ, ಈಗಾಗಲೇ ಇಷ್ಟು ಮಾಡಿದ್ದೀರಿ, ಇನ್ನೂ ಯಾಕೆ ತೊಂದರೆ ತೆಗೆದುಕೊಳ್ಳುತ್ತೀರಿ, ಬೇಡ ಎಂದರು.

ನಾನು ಸರ್ ಮುಖ ನೋಡಿದೆ. ಸರ್ ಈ ಸಲ ಗುಂಡಿ ಸರಿಯಾಗಿ ಒತ್ತಿ, ನೆಮ್ಮದಿಯಿಂದ ಹಿಂದಕ್ಕೊರಗಿದರು. "ಭಾಳ ಛಲೋ ಹೇಳಿದರು. ತಡಿ, ಇನ್ನೊಮ್ಮಿ ಕೇಳತಾನ," ಎಂದರು.

ನನಗೂ ಅದರಲ್ಲಿ ಸಂದೇಹವೇನೂ ಬರಲಿಲ್ಲ. ಹುಟ್ಟಿದಾಗಿನಿಂದ ಯಾರ ಮನೆಗೆ ಹೋದರೂ, ಹೊಟ್ಟೆ ಹಸಿದಿದ್ದರೂ, ಮೊದಲ ಸಲ ಬ್ಯಾಡ್ರಿ ಎಂದೇ ಬೆಳೆದಿದ್ದೇನೆ. ದ್ವೀಪಗಳಲ್ಲೂ ಅದೇ ಪದ್ಧತಿ ಎಂದು ಲೇಯಾ ಒಮ್ಮೆ ಹೇಳಿದ್ದರು. ಹೀಗೆ ನಾವು ಮೂವರೂ, ಎರಡು ಸಮುದ್ರಗಳ ಆಚೆ ಈಚೆ, ಎರಡನೆಯ ಪ್ರಶ್ನೆಗಾಗಿ ಕಾದು ಕೂತೆವು.

ಬ್ರೆನನ್ ಪುಟ ತಿರುವಿದರು. ಮುಂದಿನ ವಿಷಯ ಬಂದರಿನ ದೀಪಸ್ತಂಭ ಎಂದರು.

ಅವರು ಕೆಟ್ಟ ಮನುಷ್ಯರಲ್ಲ. ಯಾರಾದರೂ ಬೇಡ ಎಂದರೆ ಬೇಡ ಎಂದು ನಂಬುವವರು, ಅಷ್ಟೇ. ದೀಪಸ್ತಂಭದ ಚರ್ಚೆ ಮುಗಿಯುವವರೆಗೂ ಸರ್ ದೋಣಿಯ ಪುಟವನ್ನೇ ಬೆರಳಲ್ಲಿ ಉಜ್ಜುತ್ತಿದ್ದರು. ಕೊನೆಗೆ, "ಎರಡನೇ ಸಲಾನೂ ಕೇಳಲಿಲ್ಲಲ್ಲ ತಂಗಿ," ಎಂದರು. ಯಾರದೋ ಮನೆಯಿಂದ ಊಟವಿಲ್ಲದೆ ಎದ್ದು ಬಂದವರ ದನಿ ಅದು.

ವಿಷಯವನ್ನು ನಾವೇ ಮತ್ತೆ ಎತ್ತಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಎತ್ತುವಂತಿರಲಿಲ್ಲ. ಮಾತುಕತೆಯ ನಿಯಮಗಳಲ್ಲಿ ಹೀಗೊಂದು ನಿಯಮವಿತ್ತು: ಒಂದು ಪಕ್ಷ ಕೊಡಲು ಬಂದದ್ದನ್ನು ಇನ್ನೊಂದು ಪಕ್ಷ ನಿರಾಕರಿಸಿದರೆ, ಆ ವಿಷಯವನ್ನು ಮತ್ತೆ ತೆರೆಯುವ ಅಧಿಕಾರ ಕೊಡಲು ಬಂದ ಪಕ್ಷಕ್ಕೆ ಮಾತ್ರ. ಈ ನಿಯಮವನ್ನು ಬರೆದವರು ಅಂಗಡಿ ಸರ್. ಬಡಿಸುವವರು ಮತ್ತೆ ಕೇಳಬೇಕೇ ಹೊರತು ಉಣ್ಣುವವರು ಬಾಯಿ ಬಿಟ್ಟು ಕೇಳಬಾರದು ಎಂಬುದು ಅವರ ಲೆಕ್ಕ. ಬರೆದ ದಿನ, ಇದು ನನ್ನ ಜೀವಮಾನದ ಅತ್ಯುತ್ತಮ ಕಲಮು ಎಂದು ಪೇಢೆ ತರಿಸಿದ್ದರು. ಎದುರು ಪಕ್ಷದವರು ಅದಕ್ಕೆ ಒಂದು ಅಕ್ಷರವನ್ನೂ ತಿದ್ದದೆ ಒಪ್ಪಿದ್ದು ಏಕೆಂದು ಈಗ ಗೊತ್ತಾಯಿತು.

ಲೇಯಾ ಬೈಯಲಿಲ್ಲ. ಪರದೆಯ ಮೇಲೆ ಒಬ್ಬರೇ ಉಳಿದು, ತಾನು ಬೇಡ ಎಂದದ್ದು ಬರವಣಿಗೆಯಲ್ಲಿ ಬಿದ್ದಿದೆಯೇ ಎಂದು ಕೇಳಿದರು. ಬಿದ್ದಿದೆ ಎಂದೆ. ಅವರು ತಲೆದೂಗಿದರು. ಅವರ ತಂಗಿಯ ಮಗಳು ಬಸುರಿ ಎಂಬುದು ನನಗೆ ಗೊತ್ತಿತ್ತು. ಅವರು ಅದನ್ನು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕೊನೆಯ ಸುತ್ತು ಎದುರುಬದುರು ಕೂತು ನಡೆಯಬೇಕು, ಈ ಸಲ ಆತಿಥ್ಯ ದ್ವೀಪಗಳದ್ದು ಎಂದು ನಿಗದಿಯಾಗಿತ್ತು. ಆದರೆ ಬಿರುಗಾಳಿಗೆ ದ್ವೀಪಗಳ ಸಭಾಭವನದ ಚಾವಣಿ ಹಾರಿಹೋಗಿತ್ತು. ಆಗ ಸರ್, ಸಭೆ ಧಾರವಾಡದಲ್ಲಿ ನಡೆಯಲಿ ಎಂದರು. ಎಲ್ಲರೂ ಮೊದಲು ನಕ್ಕರು. ಆಮೇಲೆ ಖರ್ಚಿನ ಅಂದಾಜು ನೋಡಿದರು. ಬ್ರೆನನ್ ಎಲ್ಲರಿಗಿಂತ ಮೊದಲು ಒಪ್ಪಿದರು.

ಎರಡೂ ನಿಯೋಗಗಳು ಹುಬ್ಬಳ್ಳಿಯ ವಿಮಾನ ನಿಲ್ದಾಣದಲ್ಲಿ ಇಳಿದು ಬಂದವು. ಸೈನ್ಯದ ಸಲಹೆಗಾರರನ್ನು ಬೆಳಗ್ಗೆ ಕೆಲಗೇರಿ ಕೆರೆಯ ದಂಡೆಗೆ ವಾಯುವಿಹಾರಕ್ಕೆ ಕರೆದುಕೊಂಡು ಹೋಗುವ ಕೆಲಸ ನನಗೆ ಬಿತ್ತು. ಕೆರೆಯ ಆಳ ಎಷ್ಟು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರ ಕಡೆ ನೋಡಿ, ಇಲ್ಲಿ ಯಾರ ಹಕ್ಕು ನಡೆಯುತ್ತದೆ ಎಂದು ಕೇಳಿದರು. ಅವರದೇ ಎಂದೆ. ಅದನ್ನೂ ಬರೆದುಕೊಂಡರು.

ಬೆಳಗಿನ ಅಧಿವೇಶನ ಒಂದು ಅತಿಥಿಗೃಹದ ಸಭಾಂಗಣದಲ್ಲಿ ನಡೆಯಿತು. ಮುಖ್ಯ ಜಗಳ ರಾಡಾರ್ ಬಗ್ಗೆ. ಲೇಯಾ ಅವರ ದ್ವೀಪದ ಪಕ್ಕದ ಹವಳದ ದಿಬ್ಬದ ಮೇಲೆ ಒಂದು ರಾಡಾರ್ ಕಟ್ಟಬೇಕೆಂಬುದು ದೊಡ್ಡ ದೇಶದ ಆಸೆ. ಬ್ರೆನನ್ ಕೇಳುವುದನ್ನೂ ಕೊಡುವ ಧಾಟಿಯಲ್ಲೇ ಹೇಳುತ್ತಿದ್ದರು. ನಿಮ್ಮ ರಕ್ಷಣೆಗೆ ನಾವೊಂದು ರಾಡಾರ್ ಕಟ್ಟಿಕೊಡುತ್ತೇವೆ ಎಂದರು. ಮೀನು ಮರಿಮಾಡುವ ಜಾಗ ಅದು, ಇಡೀ ದ್ವೀಪ ಅಲ್ಲಿಂದ ಉಣ್ಣುತ್ತದೆ, ಬೇಡ ಎಂದರು ಲೇಯಾ. ಬ್ರೆನನ್ ಬೇಡ ಎಂದು ಗುರುತುಹಾಕಿಕೊಂಡರು. ದೋಣಿಯ ಮಾತನ್ನು ಯಾರೂ ಎತ್ತಲಿಲ್ಲ, ನಾವು ಎತ್ತುವಂತಿರಲಿಲ್ಲ. ಸಂಜೆಗೆ ಸಹಿ, ಮರುದಿನ ವಿಮಾನ.

ಮಧ್ಯಾಹ್ನ ಎಲ್ಲರಿಗೂ ಸರ್ ಮನೆಯಲ್ಲಿ ಊಟ. ಕಾಕು ನೆಲದ ಮೇಲೆ ಪಂಕ್ತಿ ಹಾಕಿಸಿದ್ದರು. ಬ್ರೆನನ್ ಅವರ ಉದ್ದನೆಯ ಕಾಲುಗಳನ್ನು ಎಲ್ಲಿಡುವುದೆಂದು ಯಾರಿಗೂ ತಿಳಿಯದೆ, ಕೊನೆಗೆ ಅವರಿಗೆ ಬಾಗಿಲ ಪಕ್ಕ ಜಾಗ ಮಾಡಿಕೊಟ್ಟು ಕಾಲನ್ನು ಪಡಸಾಲೆಗೆ ಚಾಚಿಸಲಾಯಿತು. ಬಾಳೆ ಎಲೆ, ಕೋಸಂಬರಿ, ಎಣಗಾಯಿ, ಹೋಳಿಗೆ, ಮೇಲೆ ತುಪ್ಪ.

ಮೊದಲ ಹೋಳಿಗೆಯನ್ನು ಬ್ರೆನನ್ ಪ್ರೀತಿಯಿಂದ ತಿಂದರು. ಕಾಕು ಎರಡನೆಯದನ್ನು ಹಿಡಿದು ಬಂದರು. ಅವರು ಸಾಕು, ಧನ್ಯವಾದ ಎಂದರು. ಕಾಕು ಹಾಕಿದರು. ಬ್ರೆನನ್ ಹೋಳಿಗೆಯನ್ನು ನೋಡಿದರು, ಕಾಕುವನ್ನು ನೋಡಿದರು, ಎಲೆಯಲ್ಲಿ ಬಿಡುವುದು ಅಗೌರವವಾದೀತೆಂದು ಅದನ್ನೂ ತಿಂದರು. ಎಲೆ ಖಾಲಿಯಾದದ್ದನ್ನು ಕಂಡು ಕಾಕುವಿಗೆ ಬಹಳ ಸಂತೋಷವಾಯಿತು. ಮೂರನೆಯದು ಬಂತು.

"ನಾಚಿಕೊಳ್ಳಾಕತ್ತಾರ ಪಾಪ. ದೂರದಿಂದ ಬಂದಾರ," ಎಂದರು ಕಾಕು ನನಗೆ.

ಪಕ್ಕದಲ್ಲಿ ಲೇಯಾ ಊಟವನ್ನು ತಮ್ಮ ಮನೆಯಂತೆ ನಡೆಸಿದ್ದರು. ಕಾಕು ಕೇಳಿದರು, ಬೇಡ ಎಂದರು. ಮತ್ತೆ ಕೇಳಿದರು, ಅಯ್ಯೋ ಬೇಡ ಎಂದರು. ಮತ್ತೆ ಕೇಳಿದಾಗ, ನಾನು ಬೆಳಗ್ಗೆ ಕಲಿಸಿದ್ದ ಮಾತನ್ನು ನೆನಪಿಸಿಕೊಂಡು ಹೆಬ್ಬೆರಳು ತೋರುಬೆರಳು ಹತ್ತಿರ ತಂದು, "ಸ್ವಲ್ಪ," ಎಂದರು. ಕಾಕು ಇಡೀ ಹೋಳಿಗೆ ಹಾಕಿದರು. ಇಬ್ಬರಿಗೂ ಸಮಾಧಾನವಾಯಿತು. ಅಷ್ಟರಲ್ಲಿ ಅನ್ನದ ಬುಟ್ಟಿ ಸರ್ ಎಲೆಯ ಮುಂದೆ ಬಂತು. ಸರ್ ಮಾತೇ ಆಡದೆ ಮುಂದಕ್ಕೆ ಬಾಗಿ, ಎರಡೂ ಕೈಗಳನ್ನು ಎಲೆಗೆ ಅಡ್ಡ ಹಿಡಿದರು. ಕಾಕು ಮರುಮಾತಿಲ್ಲದೆ ಮುಂದೆ ಹೋದರು.

ಬ್ರೆನನ್ ಇದೆಲ್ಲವನ್ನೂ ನೋಡುತ್ತಿದ್ದರು. ನನ್ನ ಕಡೆ ಬಾಗಿ, ತಾನು ಬೇಡ ಎಂದಾಗ ಆಕೆಗೆ ಕೇಳಿಸಲಿಲ್ಲವೇ ಎಂದು ಕೇಳಿದರು.

ಕೇಳಿಸಿತು ಎಂದೆ. ಮೊದಲ ಸಲ ಬೇಡ ಅನ್ನುವುದು ಮರ್ಯಾದೆಗೆ. ಎರಡನೆಯ ಸಲ, ಬಡಿಸುವವರು ಮನಸ್ಸಿನಿಂದ ಕೇಳುತ್ತಿದ್ದಾರೋ ಇಲ್ಲವೋ ನೋಡುವುದಕ್ಕೆ. ಉತ್ತರ ಬರುವುದು ಮೂರನೆಯ ಸಲ. ನಿಜವಾಗಿಯೂ ಬೇಡವಾದರೆ ಸರ್ ಮಾಡಿದಂತೆ ಕೈ ಅಡ್ಡ ಹಿಡಿಯುತ್ತಾರೆ.

"ಯಾರೂ ಮೂರನೆಯ ಸಲ ಕೇಳದಿದ್ದರೆ?"

"ಹಸಿದು ಏಳುತ್ತಾರೆ."

ಅವರ ತುತ್ತು ಕೈಯಲ್ಲೇ ಉಳಿಯಿತು. ಲೇಯಾ ಕಡೆ ಒಮ್ಮೆ ನೋಡಿದರು. ನಾನು ಹೇಳಿದ್ದು ಹೋಳಿಗೆಯ ವಿಷಯ ಮಾತ್ರ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ದಾಖಲಿಸುತ್ತೇನೆ. ಮಾತುಕತೆಯ ಯಾವ ನಿಯಮವನ್ನೂ ನಾನು ಮುರಿದಿಲ್ಲ.

ಊಟದ ನಂತರ ಸಭಾಂಗಣಕ್ಕೆ ಬ್ರೆನನ್ ಹೊಸ ಹುರುಪಿನಿಂದ ಬಂದು ಕೂತರು. ಅವರು ಮೊದಲು ತೆರೆದದ್ದು ರಾಡಾರ್ ವಿಷಯ. ಕೊಡಲು ಬಂದವರು ತಾವೇ ಆದ್ದರಿಂದ ನಿಯಮದ ಪ್ರಕಾರ ತೆರೆಯಲು ಅಧಿಕಾರವಿತ್ತು. ಹವಳದ ದಿಬ್ಬದ ಮೇಲೆ ರಾಡಾರ್ ಬೇಡವೇ ಎಂದು ಮೃದುವಾಗಿ ಕೇಳಿದರು. ಬೇಡ ಎಂದರು ಲೇಯಾ. ಬ್ರೆನನ್ ಅರ್ಥವಾದವರಂತೆ ನಸುನಕ್ಕು, ತುಪ್ಪದ ಮಿಳ್ಳಿ ಹಿಡಿದವರ ಪ್ರೀತಿಯಲ್ಲಿ ಇನ್ನೊಮ್ಮೆ ಕೇಳಿದರು. ಸಣ್ಣ ರಾಡಾರ್ ಎಂದರು. ಸರ್ ಮೇಜಿನ ಕೆಳಗೆ ನನ್ನ ಕಡೆ ಒಂದು ಚೀಟಿ ಸರಿಸಿದರು. ಅದರಲ್ಲಿ, ಇವನಿಗೆ ಏನ ಹೇಳಿದಿ, ಎಂದಿತ್ತು.

ದೋಣಿಯ ಆಸೆಗೆ ನಾನು ಹೇಳಿದ ನಾಲ್ಕು ಮಾತು ಈಗ ದಿಬ್ಬವನ್ನೇ ನುಂಗುವ ಹಾಗಿತ್ತು.

ಬ್ರೆನನ್ ಮೂರನೆಯ ಸಲ ಕೇಳಿದರು. ಮೇಜಿನ ಮೇಲೆ ದ್ವೀಪಗಳ ನಕ್ಷೆ ಹರಡಿತ್ತು. ಲೇಯಾ ಎದ್ದು ನಿಂತು, ಮುಂದಕ್ಕೆ ಬಾಗಿ, ಎರಡೂ ಅಂಗೈಗಳನ್ನು ಒಂದರ ಪಕ್ಕ ಒಂದಿಟ್ಟು ನಕ್ಷೆಯ ಆ ದಿಬ್ಬವನ್ನು ಮುಚ್ಚಿ ಹಿಡಿದರು.

ಬ್ರೆನನ್ ಆ ಕೈಗಳನ್ನು ನೋಡಿದರು. ಮಧ್ಯಾಹ್ನ ಕಾಕು ಅನ್ನದ ಬುಟ್ಟಿ ಹಿಡಿದು ಸರಿದುಹೋದಂತೆಯೇ, ಮರುಮಾತಿಲ್ಲದೆ, ತಮ್ಮ ಕಾಗದದಲ್ಲಿ ರಾಡಾರ್ ಎಂಬ ಸಾಲಿನ ಮೇಲೆ ಗೆರೆ ಎಳೆದರು. ಸೈನ್ಯದ ಸಲಹೆಗಾರರು ಬಾಯಿ ತೆರೆದರು. ಬ್ರೆನನ್ ಅವರ ಕಡೆ ತಿರುಗಿ, ಕೈ ಅಡ್ಡ ಬಂದಿದೆ, ಮುಗಿಯಿತು ಎಂದರು. ಸಲಹೆಗಾರರಿಗೆ ಏನೂ ತಿಳಿಯಲಿಲ್ಲ. ಅವರು ಊಟದಲ್ಲಿ ಮೊಬೈಲ್ ನೋಡುತ್ತಿದ್ದರು.

ಆಮೇಲೆ ಬ್ರೆನನ್ ಹಳೆಯ ಪುಟಗಳನ್ನು ಹಿಂದಕ್ಕೆ ತಿರುವಿದರು. ದೋಣಿಯ ಬಗ್ಗೆ ಹಿಂದೊಮ್ಮೆ ಕೇಳಿದ್ದೆ, ಈಗ ಮತ್ತೆ ಕೇಳುತ್ತಿದ್ದೇನೆ ಎಂದರು. ಅವಧಿಯ ಆಚೆಗೂ ಖಾತರಿ ಬೇಕೇ?

ಲೇಯಾ ಕೂತಿದ್ದರು. ಈಗಲಾದರೂ ಹೌದು ಅನ್ನುತ್ತಾರೆಂದು ನಾನು ಪೆನ್ನು ಹಿಡಿದು ಸಿದ್ಧಳಾದೆ. ಅವರು ತಲೆಯಾಡಿಸಿ, ಬೇಡ ಬಿಡಿ, ನಿಮಗೆ ಸುಮ್ಮನೆ ಹೊರೆ ಎಂದರು.

ಸರ್ ಕಣ್ಣು ಮುಚ್ಚಿಕೊಂಡರು. ಇಷ್ಟಾದ ಮೇಲೂ ಹೀಗೆಂದರಲ್ಲ ಎಂದು ಅವರಿಗೆ ಬೇಸರವಾಯಿತೆಂದು ಅಂದುಕೊಂಡೆ. ಆಮೇಲೆ ಕೇಳಿದಾಗ, ಬೇಸರವಲ್ಲ, ಅಭಿಮಾನ ಎಂದರು.

ಬ್ರೆನನ್ ಲೇಯಾ ಅವರ ಮುಖ ನೋಡಲಿಲ್ಲ, ಕೈ ನೋಡಿದರು. ಕೈಗಳು ಮಡಿಲಲ್ಲಿದ್ದವು. ಯಾವುದಕ್ಕೂ ಅಡ್ಡ ಇರಲಿಲ್ಲ. ಅವರು ಕನ್ನಡಕ ತೆಗೆದಿಟ್ಟು, ಮೂರನೆಯ ಸಲ ಕೇಳಿದರು.

ಲೇಯಾ ಹೆಬ್ಬೆರಳು ತೋರುಬೆರಳು ಹತ್ತಿರ ತಂದರು.

"ಸ್ವಲ್ಪ," ಎಂದರು, ಕನ್ನಡದಲ್ಲಿ.

ಬ್ರೆನನ್‌ಗೆ ಆ ಶಬ್ದ ಗೊತ್ತಿರಲಿಲ್ಲ. ಅನುವಾದಕ್ಕಾಗಿ ನನ್ನ ಕಡೆ ನೋಡಿದರು. ನಾನು ಎದ್ದು ನಿಂತು ಅನುವಾದಿಸಿದೆ: ಆಸ್ಪತ್ರೆಯ ದೋಣಿಯ ಇಂಧನ, ದುರಸ್ತಿ ಮತ್ತು ಸಿಬ್ಬಂದಿಯ ವೆಚ್ಚದ ಖಾತರಿಯು ಈ ಒಪ್ಪಂದದ ಅವಧಿ ಮುಗಿದ ನಂತರವೂ ಮುಂದುವರಿಯತಕ್ಕದ್ದು, ದೋಣಿಯು ಬಳಕೆಗೆ ಯೋಗ್ಯವಲ್ಲದಂತಾದರೆ ಅದರ ಬದಲಿಗೆ ಹೊಸ ದೋಣಿಯನ್ನು ಒದಗಿಸತಕ್ಕದ್ದು.

ಒಂದು ಶಬ್ದಕ್ಕೆ ಇಷ್ಟೊಂದು ಅರ್ಥವೇ ಎಂದು ಬ್ರೆನನ್ ಕೇಳಿದರು. ಊಟದಲ್ಲಿ ಲೇಯಾ ಸ್ವಲ್ಪ ಎಂದಾಗ ಕಾಕು ಎಷ್ಟು ಬಡಿಸಿದ್ದರೆಂದು ನೆನಪಿಸಿದೆ. ಅವರು ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡು, ಸಹಿ ಹಾಕಲು ಕಾಗದ ಕೇಳಿದರು. ಸರ್ ನನ್ನ ಕಿವಿಯಲ್ಲಿ, "ಖರೇ ಅನುವಾದ ತಂಗಿ. ಒಂದ ಅಕ್ಷರಾ ಹೆಚ್ಚಿಲ್ಲ," ಎಂದರು.

ಹೊರಡುವಾಗ ಕಾಕು ಬ್ರೆನನ್ ಕೈಗೆ ಹೋಳಿಗೆಯ ಪೊಟ್ಟಣ ಕೊಡಲು ಹೋದರು. ಅವರು ಬೇಡ ಎಂದರು. ಕಾಕು ಮತ್ತೆ ಚಾಚಿದರು. ಅವರು ಒಂದು ಕ್ಷಣ ಯೋಚಿಸಿ, ಎರಡನೆಯ ಸಲವೂ ಬೇಡ ಎಂದು, ಮೂರನೆಯ ಸಲಕ್ಕೆ ಎರಡೂ ಕೈಯೊಡ್ಡಿ ತೆಗೆದುಕೊಂಡರು. "ಈಗ ಮನಷ್ಯಾ ಆದ ನೋಡು," ಎಂದರು ಕಾಕು.

ಒಪ್ಪಂದ ಜಾರಿಗೆ ಬಂತು. ಕಚೇರಿಯ ಕೆಲಸ ಮುಗಿಯಿತು. ಪ್ರಿಂಟರನ್ನು ಕಾಕು ಬಟ್ಟೆ ಹೊದಿಸಿ ಮೂಲೆಗಿಟ್ಟರು. ಚಾಪೆ ಬಂತು. ಈ ಬರಹವನ್ನು ಇಲ್ಲಿಗೆ ಮುಗಿಸುವವಳಿದ್ದೆ.

ಕಳೆದ ವಾರ ಲೇಯಾ ವಿಡಿಯೋ ಕರೆ ಮಾಡಿದರು. ಹೊಸ ದೋಣಿಯ ಮೇಲೆ ನಿಂತಿದ್ದರು. ತೋಳಿನಲ್ಲಿ ತಂಗಿಯ ಮಗಳ ಮಗುವಿತ್ತು. ತಾಯಿ ಮಗು ಇಬ್ಬರನ್ನೂ ಆಸ್ಪತ್ರೆಯಿಂದ ಮನೆಗೆ ಕರೆದೊಯ್ಯುತ್ತಿದ್ದರು. ಎಲ್ಲ ಸರಿಯಿದೆಯೇ, ದೋಣಿಗೆ ಇನ್ನೇನಾದರೂ ಬೇಕೇ ಎಂದು ಕೇಳಿದೆ. ಏನೂ ಬೇಡ, ಬಹಳ ಚೆನ್ನಾಗಿದೆ ಎಂದರು. ಫೋನು ಇಡುವ ಮುಂಚೆ ಇನ್ನೊಮ್ಮೆ ಕೇಳಿದೆ. ಛೇ, ಏನೂ ಇಲ್ಲ ಎಂದರು. ಅವರ ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಫೋನು, ಅಡ್ಡ ಹಿಡಿಯಲು ಕೈಯೇ ಖಾಲಿಯಿರಲಿಲ್ಲ. ಆದ್ದರಿಂದ ಮತ್ತೊಮ್ಮೆ ಕೇಳಿದೆ.

ದೋಣಿಯಲ್ಲಿ ಶೌಚಾಲಯವಿಲ್ಲ ಎಂದರು.

ಇಂಧನ ಬರೆದಿದ್ದೆವು, ಯಂತ್ರ ಬರೆದಿದ್ದೆವು, ಸಿಬ್ಬಂದಿಯ ಟೊಪ್ಪಿಗೆಯನ್ನೂ ಬರೆದಿದ್ದೆವು. ಒಂದು ಹಗಲಿನ ಪ್ರಯಾಣ, ಬಸುರಿ ಹೆಂಗಸರು. ಎರಡು ದೇಶಗಳ ಅಷ್ಟೂ ಜನರಲ್ಲಿ ಯಾರಿಗೂ 'ಅದು' ನೆನಪಾಗಿರಲಿಲ್ಲ. ತಕ್ಷಣ ಸರ್‌ಗೆ ಫೋನ್ ಮಾಡಿದೆ. ನಿಯಮದ ಪ್ರಕಾರ ಯಾರು ಎತ್ತಬೇಕು, ನಾವು ಕೇಳಬಹುದೇ ಎಂದೆ.

"ನಾವು ಕೇಳೂದು ಬ್ಯಾಡ. ಬ್ರೆನನ್‌ನ ಊಟಕ್ಕ ಕರಿ," ಎಂದರು. ಆಮೇಲೆ ಫೋನಿನಿಂದ ಬಾಯಿ ದೂರ ಮಾಡಿ ಕೆಳಗೆ ಕೂಗಿ ಹೇಳಿದ್ದು ನನಗೂ ಕೇಳಿಸಿತು: "ಏ, ಬ್ಯಾಳಿ ಎಷ್ಟದ ನೋಡು."

ನಾಳೆಯಿಂದ ಮತ್ತೆ ಮಾಳಮಡ್ಡಿಗೆ ಹೋಗುತ್ತೇನೆ. ಇದನ್ನು ಅವ್ವನಿಗೆ ಹೇಳಿದೆ. ಅವಳು ಅಂಗಳದಲ್ಲಿ ಸಂಡಿಗೆ ಎತ್ತುತ್ತಿದ್ದಳು. ಸ್ವಲ್ಪ ಹೊತ್ತು ಕೈ ತಡೆದು, "ಹಂಗಾರ ಈ ಚಾಪಿ ತಿರುಗಿ ಕೊಡಬೇಕೇನು?" ಎಂದು ಕೇಳಿದಳು. ಬೇಡ ಎಂದೆ. ನಂಬಲಿಲ್ಲ. ಇನ್ನೊಮ್ಮೆ ಕೇಳಿದಳು.